ಹನ್ನೆರಡು ನಿಂಬೆಹಣ್ಣಿನ ಉದಾಹರಣೆ

ಬಾಯಿ ಮುಚ್ಚಿಕೊಂಡು ಕೂಡುವುದು ನನಗೆ ಬಾರದ ವಿದ್ಯೆ. ತವರಿನಲ್ಲೂ ಇದೇ ಮಾತು, ಗಂಡನ ಮನೆಯಲ್ಲೂ ಇದೇ ಮಾತು. ಆದರೆ ಕೆಲವು ಭಾನುವಾರ ಮಧ್ಯಾಹ್ನ, ಕರಜಗಿಯ ನಮ್ಮ ಕಿರಾಣಿ ಅಂಗಡಿಯಲ್ಲಿ, ಜೋಳದ ಚೀಲದ ಮೇಲೆ ಕುಳಿತು ನಾನು ತುಟಿ ಹೊಲಿದುಕೊಂಡವಳ ಹಾಗೆ ಇರುತ್ತೇನೆ. ಎದುರಿಗೆ ಗಲ್ಲಾಪೆಟ್ಟಿಗೆಯ ಹಿಂದೆ ನನ್ನ ಯಜಮಾನರು ಒಂದು ಹಾಳೆ ಹಿಡಿದು ಹುಬ್ಬು ಗಂಟಿಕ್ಕಿರುತ್ತಾರೆ. ಆ ಹಾಳೆಯಲ್ಲಿ ನಾನು ಬರೆದ ಪ್ರೋಗ್ರಾಮಿಂಗ್ ಪ್ರಶ್ನೆ ಇರುತ್ತದೆ.

ಅವರಿಗೆ ಪ್ರೋಗ್ರಾಮಿಂಗಿನ ಗಂಧಗಾಳಿ ಇಲ್ಲ. ಬಿ.ಕಾಂ. ಮುಗಿಸಿ ನೇರವಾಗಿ ಅಪ್ಪನ ಅಂಗಡಿಗೆ ಬಂದು ಕುಳಿತವರು. ಅದಕ್ಕೇ ಅವರು ನನಗೆ ಬೇಕು. ಪ್ರಶ್ನೆಯ ಕೆಳಗೆ ನಾನು ಉದಾಹರಣೆ ಕೊಟ್ಟಿರುತ್ತೇನೆ: ಒಳಗೆ ಇಂಥ ಅಂಕಿ ಹೋದರೆ ಹೊರಗೆ ಇಂಥ ಅಂಕಿ ಬರಬೇಕು ಅಂತ. ಅದನ್ನು ಓದಿ, ಕೈಯಿಂದ ಲೆಕ್ಕ ಮಾಡಿ, ನಾನು ಕೊಟ್ಟ ಹೊಸ ಅಂಕಿಗೆ ಅವರು ಉತ್ತರ ಹೇಳಬೇಕು. ನಾನು ಒಂದಕ್ಷರ ವಿವರಿಸಕೂಡದು. ಯಾಕೆಂದರೆ ಸ್ಪರ್ಧೆಯ ದಿನ ಮಕ್ಕಳ ಪಕ್ಕ ನಾನು ಕುಳಿತಿರುವುದಿಲ್ಲ. ಹಾಳೆಯೇ ಮಾತಾಡಬೇಕು.

ಯಜಮಾನರು ತಪ್ಪು ಮಾಡುವುದರಲ್ಲಿ ನಿಸ್ಸೀಮರು. ಒಮ್ಮೆ ಎರಡು ಅಂಕಿ ಕೂಡಿಸುವ ಸರಳ ಪ್ರಶ್ನೆಗೆ ನಾನು ಉದಾಹರಣೆಯಾಗಿ 2, 2 ಕೊಟ್ಟು ಉತ್ತರ 4 ಅಂತ ಬರೆದಿದ್ದೆ. ಅವರು ಪ್ರಶ್ನೆಯನ್ನು ಓದುವ ಗೋಜಿಗೇ ಹೋಗದೆ ಉದಾಹರಣೆ ನೋಡಿ ಗುಣಿಸಿಬಿಟ್ಟರು. 3, 5 ಕೊಟ್ಟರೆ ಹದಿನೈದು ಅಂದರು. ನನಗೆ ಸಿಟ್ಟು ನೆತ್ತಿಗೇರಿತು. ಆಮೇಲೆ ಹಾಳೆ ತಿರುಗಿಸಿ ನೋಡಿದೆ. ಆ ಉದಾಹರಣೆ ಗುಣಾಕಾರಕ್ಕೂ ಸರಿಯೇ. ಹೀಗೂ ಸರಿ ಹಾಗೂ ಸರಿ ಅನ್ನುವ ಉದಾಹರಣೆ ಇದ್ದರೆಷ್ಟು ಬಿಟ್ಟರೆಷ್ಟು?

"ಮಂದಿ ಯಾರೂ ಪೂರಾ ಓದೂದಿಲ್ಲ. ಕಣ್ಣಿಗಿ ಅಂಕಿ ಕಂಡ್ರ ಅದನ್ನ ಮೊದಲ ನೋಡ್ತಾರ" ಅಂದರು ಅವರು, ತಾವು ತಪ್ಪಿದ್ದೇ ಒಂದು ಸಾಧನೆಯೆಂಬಂತೆ.

ನಾನು ಮಹಾರಾಷ್ಟ್ರದ ಗಡಿ ತಾಲೂಕಾದ ನಮ್ಮ ಜತ್ತದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಪ್ರತಿ ವರ್ಷ ನಮ್ಮ ವಿಭಾಗದಿಂದ ತಾಲೂಕಿನ ಮಕ್ಕಳಿಗೆ ಒಂದು ಪ್ರೋಗ್ರಾಮಿಂಗ್ ಸ್ಪರ್ಧೆ ನಡೆಯುತ್ತದೆ. ಪ್ರಶ್ನೆ ಬರೆಯುವವಳು ನಾನು; ಅದನ್ನು ನನ್ನ ಬಾಯಿಂದ ಕೇಳಿಕೊಂಡು ಮರಾಠಿಯಲ್ಲಿ ಅಚ್ಚುಕಟ್ಟಾಗಿ ಬರೆದು ಅಚ್ಚು ಹಾಕಿಸುವವರು ವಿಭಾಗದ ಮುಖ್ಯಸ್ಥರು. ಅವರು ಡಫಳಾಪುರದ ಕಡೆಯವರು. ಮನೆಮಾತು ಮರಾಠಿಯಾದರೂ ಸಂತೆ-ಪೇಟೆಯಲ್ಲಿ ಓಡಾಡಿ ಕನ್ನಡ ಸಲೀಸಾಗಿ ಮಾತಾಡುತ್ತಾರೆ, ಓದಲು ಬರೆಯಲು ಮಾತ್ರ ಬಾರದು.

ನನ್ನ ತರಗತಿಯಲ್ಲಿ ಬೆಳುಂಕಿಯ ಒಬ್ಬ ಹುಡುಗಿ ಇದ್ದಳು. ಕುರಿ ಕಾಯುವ ಮನೆತನದವಳು, ಹತ್ತನೆಯವರೆಗೆ ಕನ್ನಡ ಸಾಲಿಯಲ್ಲೇ ಓದಿದವಳು. ನಾನು ಬಾಯಿಮಾತಿನಲ್ಲಿ ಪ್ರಶ್ನೆ ಹೇಳಿದರೆ ಬೋರ್ಡಿನ ಮೇಲೆ ಎಲ್ಲರಿಗಿಂತ ಲಗುಬಗೆಯಿಂದ ಬಿಡಿಸುತ್ತಿದ್ದಳು. ಅದೇ ಪ್ರಶ್ನೆಯನ್ನು ಹಾಳೆಯ ಮೇಲೆ ಮರಾಠಿಯಲ್ಲಿ ಕೊಟ್ಟರೆ ಮತ್ತೆ ಮತ್ತೆ ಓದುತ್ತ ಕೂಡುತ್ತಿದ್ದಳು. ಸ್ಪರ್ಧೆಗೆ ಹೆಸರು ಕೊಡು ಅಂದದ್ದಕ್ಕೆ ತಲೆ ಅಲ್ಲಾಡಿಸಿದಳು.

"ಮರಾಠಿ ಮಾತಾಡಾಕ ಬರ್ತೈತ್ರಿ ಮ್ಯಾಡಮ್. ಆದ್ರ ಓದಿ ತಿಳ್ಕೊಳ್ಳೂದ್ರಾಗ ಟೈಮ್ ಹೋಗಿಬಿಡ್ತೈತಿ. ಆಮ್ಯಾಲ ಬಿಡಿಸೂದು ಯಾವಾಗ್ರಿ?"

ನಾನು ಮುಖ್ಯಸ್ಥರ ಮುಂದೆ ಹೋಗಿ ನಿಂತೆ. ಕನ್ನಡದಲ್ಲೂ ಒಂದು ಹಾಳೆ ಮಾಡೋಣ ಅಂದೆ. ಅವರು ಬೇಡ ಅನ್ನಲಿಲ್ಲ, ಆದರೆ ಷರತ್ತು ಹಾಕಿದರು.

"ಈ ಸಲ ಮಾಡಿ ನೋಡ್ರಿ ಮ್ಯಾಡಮ್. ಆದ್ರ ಕನ್ನಡ ಹಾಳಿ ತಗೊಂಡ ಹುಡುಗೂರು ಪ್ರಶ್ನಿ ತಿಳೀವಲ್ದು ಅಂತ ಕೈ ಎತ್ತಾಕ ಹತ್ತಿದ್ರ ನನಗ ಸಂಭಾಳಸಾಕ ಆಗೂದಿಲ್ಲ. ಹಂಗಾತಂದ್ರ ಮುಂದಿನ ವರ್ಷದಿಂದ ಮರಾಠಿ ಒಂದ."

ಅವರ ಮಾತಿನಲ್ಲಿ ಕಹಿ ಇರಲಿಲ್ಲ. ಆ ದಿನದ ಉಸ್ತುವಾರಿಯೆಲ್ಲ ಅವರ ತಲೆಯ ಮೇಲೇ. ಹೀಗಾಗಿ ಕನ್ನಡ ಹಾಳೆಯ ಹಣೆಬರಹವೆಲ್ಲ ಮಕ್ಕಳು ಕೈ ಎತ್ತುತ್ತಾರೋ ಇಲ್ಲವೋ ಅನ್ನುವುದರ ಮೇಲೆ ನಿಂತಿತು. ಹುಡುಗಿಗೆ ಹೇಳಿದೆ, ಅವಳು ಅಲ್ಲೇ ಹೆಸರು ಬರೆಸಿದಳು. ಅವಳನ್ನು ನೋಡಿ ಕನ್ನಡ ಸಾಲಿಯ ಇನ್ನಷ್ಟು ಮಕ್ಕಳು ಬರೆಸಿದರು.

ಆ ಭಾನುವಾರ ಅಂಗಡಿಗೆ ಒಯ್ದ ಪ್ರಶ್ನೆ ನಿಂಬೆಹಣ್ಣಿನದು. ಸಂತೆಯಲ್ಲಿ ಒಬ್ಬಾಕೆ ನಿಂಬೆಹಣ್ಣು ಮಾರುತ್ತಾಳೆ. ಐದು ಕೊಂಡರೆ ಮೇಲೊಂದು ಕೊಸರು ಕೊಡುತ್ತಾಳೆ. ಗಿರಾಕಿ ಎಷ್ಟು ಹಣ್ಣಿಗೆ ದುಡ್ಡು ಕೊಟ್ಟ ಅಂತ ಹೇಳಿದರೆ, ಅವನ ಚೀಲದಲ್ಲಿ ಒಟ್ಟು ಎಷ್ಟು ಹಣ್ಣು ಬೀಳುತ್ತವೆ ಅಂತ ಪ್ರೋಗ್ರಾಮು ಹೇಳಬೇಕು. ಉದಾಹರಣೆ ಎರಡಿದ್ದವು: 5 ಕೊಂಡರೆ 6, 8 ಕೊಂಡರೆ 9. ಮರಾಠಿ ಹಾಳೆ ಆಗಲೇ ಅಚ್ಚಾಗಿತ್ತು, ಅದರಲ್ಲೂ ಇವೇ ಎರಡು.

ಯಜಮಾನರು ಓದಿದರು. ಪ್ರಶ್ನೆ ಚಲೋ ಐತಿ ಅಂದರು. ನಾನು ಪಕ್ಕದಲ್ಲಿ 12 ಅಂತ ಬರೆದುಕೊಟ್ಟೆ.

"ಹದಿಮೂರು" ಅಂದರು, ಒಂದು ಚಣವೂ ಯೋಚಿಸದೆ.

ನನ್ನ ಲೆಕ್ಕದಲ್ಲಿ ಹದಿನಾಲ್ಕು. ಹನ್ನೆರಡರಲ್ಲಿ ಐದು ಎರಡು ಸಲ ಇದೆ, ಎರಡು ಕೊಸರು. ಬಾಯಿ ತೆರೆಯಕೂಡದು ಅನ್ನುವ ನಿಯಮ ಅಲ್ಲೇ ಮುರಿದುಬಿತ್ತು.

"ಹದಿಮೂರು ಹ್ಯಾಂಗ್ರಿ? ಐದಕ್ಕೊಂದು ಅಂದ್ರ ಹತ್ತಕ್ಕ ಎರಡಾಗೂದಿಲ್ಲೇನು?"

"ಕೊಸರು ಯಾರರ ನಡುವ ಕೊಡ್ತಾರೇನು? ಎಣಿಸೂದೆಲ್ಲಾ ಮುಗೀಬೇಕು, ಚೀಲ ಕಟ್ಟೂ ಮುಂದ ಗಿರಾಕಿ ಕೇಳಬೇಕು, ಆವಾಗ ಮ್ಯಾಲ ಒಂದು ಹಾಕಬೇಕು. ಒಬ್ಬ ಗಿರಾಕಿಗಿ ಒಂದ ಕೊಸರು. ನೀ ಏನು ಇಷ್ಟು ವರ್ಷ ಸಂತಿ ಮಾಡೀದಿ?"

ಅವರು ಹೇಳಿದ್ದು ನಮ್ಮ ಕಡೆಯ ರೂಢಿಯೇ. ಕೊಸರು ಅಂದರೆ ಪ್ರೀತಿಯಿಂದ ಮೇಲೆ ಹಾಕುವುದು. ಅದಕ್ಕೆ ಭಾಗಾಕಾರ ಯಾರು ಮಾಡುತ್ತಾರೆ? ಇಲ್ಲಿಯ ಯಾವ ಮಗುವಾದರೂ ಈ ಪ್ರಶ್ನೆಯನ್ನು ಹೀಗೆಯೇ ಓದೀತು. ಮತ್ತೆ ನನ್ನ ಎರಡೂ ಉದಾಹರಣೆಗಳು ಹಾಗೆ ಓದಿದವರ ಬೆನ್ನು ತಟ್ಟುತ್ತಿದ್ದವು: ಐದಕ್ಕೆ ಆರು, ಎಂಟಕ್ಕೆ ಒಂಬತ್ತು. ಮಗು ಖುಷಿಯಿಂದ ಒಂದು ಕೂಡಿಸಿ ಮುಂದೆ ಹೋಗುತ್ತದೆ. ಮಗು ಬರೆದ ಪ್ರೋಗ್ರಾಮನ್ನು ಕಂಪ್ಯೂಟರ್ ತನ್ನೊಳಗೆ ಬಚ್ಚಿಟ್ಟ ದೊಡ್ಡ ಅಂಕಿಗಳಿಂದ ಪರೀಕ್ಷೆಗೆ ಹಚ್ಚಿದಾಗ ಎಲ್ಲವೂ ತಪ್ಪು.

ಆ ಮಧ್ಯಾಹ್ನ ಗಿರಾಕಿಗಳೂ ಕಡಿಮೆ ಇದ್ದರು. ಇಬ್ಬರೂ ಕೂತು ಉದಾಹರಣೆ ಕಟ್ಟಿದೆವು. ಒಳಗೆ ಹೋಗುವ ಅಂಕಿ ಒಂದು ಸಾಲಿನಲ್ಲಿ, ಹೊರಗೆ ಬರುವುದು ಅದರ ಕೆಳಗೆ, ಅದರ ಕೆಳಗೆ ಯಾಕೆ ಅನ್ನುವ ಒಂದು ಮಾತು. 12ಕ್ಕೆ 14: ಮೊದಲ ಐದಕ್ಕೆ ಒಂದು, ಎರಡನೆಯ ಐದಕ್ಕೆ ಇನ್ನೊಂದು, ಉಳಿದ ಎರಡಕ್ಕೆ ಇಲ್ಲ. 3ಕ್ಕೆ 3: ಐದು ತುಂಬಲಿಲ್ಲ, ಆದ್ದರಿಂದ ಕೊಸರಿಲ್ಲ. ಕೊನೆಗೆ ನಾನು 0ಕ್ಕೆ 0 ಅಂತ ಬರೆದೆ.

"ಏನೂ ತಗೊಳ್ಳದಾಂವ ಸಂತಿಗಿ ಯಾಕ ಬಂದಾನ?" ಅಂದರು ಯಜಮಾನರು.

"ಬಂದಿರ್ತಾನ್ರಿ, ಸುಮ್ಮ ಅಡ್ಡಾಡಾಕ. ನಿಮ್ಮಂಗ."

ಅವರು ನಕ್ಕರು. ಆದರೂ 12ರ ಉತ್ತರವನ್ನು ಒಪ್ಪಲಿಲ್ಲ. ಅಂಥ ಉದಾರಿ ಹೆಂಗಸು ನಮ್ಮ ಸಂತೆಯಲ್ಲಿಲ್ಲ ಅನ್ನುವುದು ಅವರ ವಾದ.

ಸೋಮವಾರ ಮುಖ್ಯಸ್ಥರಿಗೆ ಇದನ್ನೆಲ್ಲ ಹೇಳಿ, ಮರಾಠಿ ಹಾಳೆಗೂ ಒಂದು ಉದಾಹರಣೆ ಸೇರಿಸೋಣ ಅಂದೆ. ಅಚ್ಚಾಗಿ ಬಂದದ್ದನ್ನು ಮತ್ತೆ ಯಾರು ಮುಟ್ಟುತ್ತಾರೆ ಅಂದರು. "ಇಷ್ಟು ಬಿಡಿಸಿ ಹೇಳಿದ್ರ ಉತ್ತರಾನ ಕೊಟ್ಟಂಗ ಆತಲ್ರಿ" ಅಂತಲೂ ಅಂದರು. ಪ್ರಶ್ನೆ ತಿಳಿಸುವುದು ಬೇರೆ, ಉತ್ತರ ಹೇಳುವುದು ಬೇರೆ ಅಂತ ನಾನು ವಾದಕ್ಕಿಳಿದೆ. ಅವರಿಗೆ ಯಾವುದೋ ಫೋನು ಬಂತು, ಅಲ್ಲಿಗೆ ಅದು ನಿಂತಿತು.

ಸ್ಪರ್ಧೆಯ ದಿನ ಬೆಳಿಗ್ಗೆ ಲ್ಯಾಬಿನಲ್ಲಿ ಕನ್ನಡದ ಮಕ್ಕಳು ಕಿಟಕಿ ಪಕ್ಕದ ಸಾಲಿನಲ್ಲಿ ಕುಳಿತರು. ನಾನು ಗೋಡೆಗೆ ಆತು ನಿಂತು ಆ ಸಾಲನ್ನೇ ನೋಡುತ್ತಿದ್ದೆ. ಒಬ್ಬ ಹುಡುಗ ಕೈ ಎತ್ತಿದ. ನಾನು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟೆ. ಅವನು ಎತ್ತಿದ ಕೈಯಿಂದ ತಲೆ ತುರಿಸಿಕೊಂಡು ಮತ್ತೆ ಕೀಬೋರ್ಡಿಗೆ ಇಳಿಸಿದ. ಅವನಿಗೆ ಮನಸ್ಸಿನಲ್ಲೇ ಎರಡು ಬೈದೆ.

ಆಮೇಲೆ ಕೈಗಳು ಏಳತೊಡಗಿದವು, ಮರಾಠಿ ಸಾಲುಗಳಲ್ಲಿ. ಮೊದಲು ಹಿಂದಿನ ಬೆಂಚಿನಲ್ಲಿ ಒಂದು, ಆಮೇಲೆ ಅದರ ಪಕ್ಕದಲ್ಲಿ, ಆಮೇಲೆ ಎಲ್ಲೆಲ್ಲೂ. ಎಲ್ಲರದ್ದೂ ಒಂದೇ ದೂರು: ಉದಾಹರಣೆ ಎರಡೂ ಸರಿ ಬರುತ್ತವೆ, ಒಪ್ಪಿಸಿದರೆ ಮಾತ್ರ ಕಂಪ್ಯೂಟರ್ ತಪ್ಪು ಅನ್ನುತ್ತದೆ. ಯಾವ ಪ್ರಶ್ನೆ ಅಂತ ನಾನು ಕೇಳುವ ಅಗತ್ಯವೇ ಇರಲಿಲ್ಲ. ಮರಾಠಿ ಮಾತಾಡಿದರೇನು, ಅವರೂ ಇದೇ ಸಂತೆಯಲ್ಲಿ ಚೀಲ ಹಿಡಿದು ನಿಂತ ಮಕ್ಕಳು.

ಮುಖ್ಯಸ್ಥರು ಒಬ್ಬನ ಬಳಿ ಹೋಗಿ ವಿವರಿಸಿದರೆ ಇನ್ನೊಬ್ಬ ಕರೆಯುತ್ತಿದ್ದ. ಅವರ ಹಣೆಯಲ್ಲಿ ಬೆವರು. ಕಿಟಕಿಯ ಸಾಲಿನ ಕಡೆ ತಿರುಗಿ ನೋಡಿದರು, ಅಲ್ಲಿ ಸದ್ದಿಲ್ಲ. ನನ್ನ ಬಳಿ ಬಂದು ಮೆಲ್ಲಗೆ ಕೇಳಿದರು.

"ಇವರಿಗೆ ಹ್ಯಾಂಗ ತಿಳೀತ್ರಿ?"

"ಹನ್ನೆರಡರ ಉದಾಹರಣಿ ಐತ್ರಿ ಸರ, ಅದರಾಗ."

ಅವರು ಬೆಳುಂಕಿಯ ಹುಡುಗಿಯನ್ನು ಕರೆದು, ಆ ಪ್ರಶ್ನೆ ಬಿಡಿಸಿದೆಯಾ ಅಂತ ಕೇಳಿದರು. ಬಿಡಿಸಿದ್ದಳು. ಹಾಗಾದರೆ ಉದಾಹರಣೆಯನ್ನು ಎಲ್ಲರಿಗೂ ಓದಿ ಹೇಳು, ಹೋದ ಸಮಯ ನಿನಗೆ ತಿರುಗಿ ಕೊಡುತ್ತೇನೆ ಅಂದರು.

ಅವಳು ಎದ್ದು ನಿಂತಳು. ಕಣ್ಣು ಕನ್ನಡ ಹಾಳೆಯ ಮೇಲೆ, ಬಾಯಲ್ಲಿ ಮರಾಠಿ. ಮೊದಲ ಐದಕ್ಕೆ ಒಂದು, ಎರಡನೆಯ ಐದಕ್ಕೆ ಇನ್ನೊಂದು, ಉಳಿದ ಎರಡಕ್ಕೆ ಇಲ್ಲ. ಒಂದು ಕಡೆಯೂ ತಡವರಿಸಲಿಲ್ಲ. ಎಲ್ಲ ಸಾಲಿನಿಂದ "ಹಾಂ" ಅನ್ನುವ ಸದ್ದು ಎದ್ದಿತು, ಕೈಗಳೆಲ್ಲ ಕೆಳಗಿಳಿದವು, ಕೀಬೋರ್ಡುಗಳು ಮತ್ತೆ ಶುರುವಾದವು. ನನಗೆ ಕಣ್ಣು ತುಂಬಿ ಬಂತು. ಸಂತೋಷಕ್ಕೆ ಅಳುವ ಪೈಕಿ ನಾನಲ್ಲ, ಆದರೂ ಬಂತು.

ಮಕ್ಕಳೆಲ್ಲ ಊಟಕ್ಕೆ ಹೋದ ಮೇಲೆ ಮುಖ್ಯಸ್ಥರು ಒಂದು ಕನ್ನಡ ಹಾಳೆ ಎತ್ತಿಕೊಂಡು ನನ್ನ ಎದುರಿನ ಕುರ್ಚಿಯಲ್ಲಿ ಕುಳಿತರು.

"ಮುಂದಿನ ವರ್ಷ ಮೊದಲ ಕನ್ನಡ ಹಾಳಿ ತಯಾರ ಮಾಡ್ರಿ ಮ್ಯಾಡಮ್. ನಾ ಅದನ್ನ ನೋಡಿ ಮರಾಠಿ ಬರೀತೀನಿ."

"ನಿಮಗ ಕನ್ನಡ ಓದಾಕ ಬರೂದಿಲ್ಲಲ್ರಿ ಸರ?"

"ವರ್ಷ ಐತಲ್ರಿ" ಅಂದರು. ಕನ್ನಡಕ ಮೂಗಿನ ಮೇಲೆ ಸರಿಪಡಿಸಿಕೊಂಡು, ಹಾಳೆಯ ಮೊದಲ ಅಕ್ಷರದ ಮೇಲೆ ಬೆರಳಿಟ್ಟರು. "ಇದು ಯಾವ ಅಕ್ಷರರಿ?"

ನಾನು ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿಕೊಡತೊಡಗಿದೆ.