ಟ್ವಿಂಡಿ ಕೋಟಿನ ಒಡಪು

ಸುರಪುರದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಅದು ನನ್ನ ಮೊದಲ ದಿನ. ಇಂಗ್ಲಿಷ್ ಪುಸ್ತಕ ತೆರೆದು ಓದು ಎಂದ ಕೂಡಲೇ ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ಎರಡೂ ಅಂಗೈ ಮುಂದೆ ಚಾಚಿದಳು.

"ಹೊಡಿಯೋದಿದ್ರ ಈಗೇ ಹೊಡದ್ಬಿಡ್ರಿ ಮೇಡಂ. ಆಮ್ಯಾಲೆ ಓದ್ತೀನಿ."

ನಾನು ಕುಂದಾಪುರದ ಕಡೆಯವಳು. ನೇಮಕಾತಿ ಆದೇಶ ಹಿಡಿದು ಒಬ್ಬಳೇ ಇಲ್ಲಿಗೆ ಬಂದಿದ್ದೆ. ಗಂಡ ಪ್ರಭಾಕರ ಮೀನು ಬೋಟುಗಳ ಇಂಜಿನ್ ರಿಪೇರಿ ಮಾಡುವವನು. ಕಡಲಿಲ್ಲದ ಊರಲ್ಲಿ ಅವನಿಗೇನು ಕೆಲಸ? ನಮ್ಮಲ್ಲಿ ಜಗಳಕ್ಕೂ ಒಂದು ರಾಗವಿದೆ. ಇಲ್ಲಿ ಪ್ರೀತಿಯಿಂದ ಊಟಕ್ಕೆ ಕರೆದರೂ ಮೊದಮೊದಲು ನನಗೆ ಬೈದ ಹಾಗೇ ಕೇಳುತ್ತಿತ್ತು. ಕುಚ್ಚಲಕ್ಕಿ ಗಂಜಿಯ ಹೊಟ್ಟೆ ಹದಿನೈದೇ ದಿನದಲ್ಲಿ ಜೋಳದ ರೊಟ್ಟಿಗೆ ಒಗ್ಗಿತು. ಮೀನಿನ ಆಸೆಯನ್ನು ಮಾತ್ರ ಬಾಯಿಬಿಡದೆ ನುಂಗಿಕೊಂಡೆ, ಯಾಕೆಂದರೆ ಸುರಪುರದಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟ ಶರಣಮ್ಮನವರದು ಮೀನಿನ ವಾಸನೆ ಕಾಣದ ಮನೆ.

ಮಕ್ಕಳ ಹೆದರಿಕೆಗೆ ಒಂದು ಉಪಾಯ ಹೂಡಿದೆ. ಇಂಗ್ಲಿಷಿನಲ್ಲಿ ಇಲ್ಲದ ಪದಗಳನ್ನು ನಾವೇ ಹುಟ್ಟಿಸಿ ಪದ್ಯ ಕಟ್ಟುವುದು. ಇಲ್ಲದ ಪದವನ್ನು ತಪ್ಪಾಗಿ ಓದಲು ಯಾರಿಂದಲೂ ಸಾಧ್ಯವಿಲ್ಲವಲ್ಲ! ಅಂಗೈ ಚಾಚಿದವಳೇ ಮೊದಲು "ಗ್ಲುಂಪಿ" ಎಂದು ಕೂಗಿದಳು. ಸಂಜೆ ಮನೆಯಂಗಳದಲ್ಲಿ ಕೂತು ನಾನು ಆ ಪದ್ಯಗಳನ್ನು ಜೋರಾಗಿ ಓದಿ ತಿದ್ದುತ್ತಿದ್ದರೆ, ಹೆರಿಗೆಗೆ ತವರಿಗೆ ಬಂದಿದ್ದ ಶರಣಮ್ಮನವರ ಮಗಳು ಮಹಾದೇವಿ ಅಕ್ಕಿ ಆರಿಸುತ್ತಾ ಕೇಳುತ್ತಿದ್ದಳು.

"ಅಕ್ಕಾ, ಫ್ರಿಂಬಲ್ ಅಂದ್ರೇನ್ರಿ?"

"ಏನೂ ಅಲ್ಲ. ಅಂಥ ಪದವೇ ಇಲ್ಲ."

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಾ ಹತ್ತನೇತ್ತಿ ಇಂಗ್ಲಿಷಿನಾಗ ಫೇಲ್ ಆದಾಕಿ. ಇದ್ದ ಪದಾನೇ ನಮಗ ಬರಂಗಿಲ್ಲ, ನೀವು ಇಲ್ಲದ್ದು ಕಲಸಾಕತ್ತೀರಿ!"

ಎಲ್ಲ ನೆಟ್ಟಗಿದೆ ಅನ್ನುವಾಗ ಶರಣಮ್ಮ ಒಂದು ಬೆಳಿಗ್ಗೆ ಮುಖ ತಗ್ಗಿಸಿಕೊಂಡು ಬಂದರು. "ಮೇಡಮ್ಮ, ತಪ್ಪು ತಿಳ್ಕೋಬ್ಯಾಡ್ರಿ. ಐದು ತಿಂಗಳಾತು, ನಿಮ್ಮ ಗಂಡನ ಮಾರಿ ಯಾರೂ ನೋಡಿಲ್ಲ. ಅದಾನೋ ಇಲ್ಲೋ ಅಂತ ಓಣಿ ಮಂದಿ ಕೇಳಾಕತ್ತಾರ. ಮಗಳ ಕುಬಸ ಮುಗೀಲಿ, ಬ್ಯಾರೆ ಮನಿ ನೋಡ್ಕೋರಿ."

ಬೋಟುಗಳು ಕಡಲಿಗಿಳಿದ ಮೇಲೆ ಪ್ರಭಾಕರನಿಗೆ ಪುರಸೊತ್ತಿಲ್ಲ ಎಂದರೆ ಇಲ್ಲಿ ನಂಬುವವರು ಯಾರು? ಈ ಊರಲ್ಲಿ ಒಬ್ಬಂಟಿ ಹೆಂಗಸಿಗೆ ಎರಡನೇ ಮನೆ ಹುಡುಕುವ ಧೈರ್ಯ ನನ್ನಲ್ಲಿರಲಿಲ್ಲ.

ಕುಬಸವೆಂದರೆ ಸೀಮಂತ. ಹಸಿರು ಸೀರೆ, ಕೈತುಂಬ ಬಳೆ ತೊಟ್ಟು ಮಹಾದೇವಿ ಕೂತಿದ್ದಳು. ಆರತಿ ಮಾಡುವವರು ಮೊದಲು ಒಡಪು ಹೇಳಬೇಕು, ಅಂದರೆ ಪ್ರಾಸ ಕಟ್ಟಿ ಅದರೊಳಗೆ ಗಂಡನ ಹೆಸರು ತರಬೇಕು. ನಮ್ಮ ಮನೆಗಳಲ್ಲಿ ನಾನಿದನ್ನು ಕಂಡವಳಲ್ಲ. ನನ್ನ ಸರದಿ ಬಂದಾಗ ಮಹಾದೇವಿಯ ಸೋದರತ್ತೆ ಆರತಿ ತಟ್ಟೆಯನ್ನು ಹಿಂದಕ್ಕೆಳೆದುಕೊಂಡರು. "ಹೆಸರು ಹೇಳ್ರಿ ಮೇಡಂ. ಹೆಸರಿದ್ರ ಹೇಳ್ರಿ!"

ಆ ಕೊನೆಯ ಮಾತು ಚುಚ್ಚಿತು. ತಲೆಯಲ್ಲಿ ಒಂದು ಕನ್ನಡ ಪದವೂ ಉಳಿದಿರಲಿಲ್ಲ. ಆ ವಾರ ತರಗತಿಯಲ್ಲಿ ಕಟ್ಟಿದ್ದೇ ಬಾಯಿಗೆ ಬಂತು. ಗಂಡನ ಹೆಸರನ್ನಷ್ಟೇ ಅದರಲ್ಲಿ ತುರುಕಿದೆ.

"ದಿ ಫ್ರಿಂಬಲ್ ಡ್ರೂಮ್ಸ್ ಇನ್ ಎ ಗ್ಲುಂಪಿ ಬೋಟ್, ಪ್ರಭಾಕರ್ ವೇರ್ಸ್ ಎ ಟ್ವಿಂಡಿ ಕೋಟ್!"

ಹೆಂಗಸರು ಬೆರಗಾದರು. ಸೋದರತ್ತೆ ಮಾತ್ರ ಬಿಡಲಿಲ್ಲ. "ಅರ್ಥ ಹೇಳ್ರಿ. ಹೊಗಳಿದಿರೋ ಬೈದಿರೋ ನಮಗೇನ್ ಗೊತ್ತಾಗಬೇಕು?"

ಈ ಪದ್ಯಕ್ಕೆ ಅರ್ಥವಿಲ್ಲವೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ಮಹಾದೇವಿಯೊಬ್ಬಳಿಗೆ. ಅವಳು ಕೂತಲ್ಲಿಂದಲೇ ಬಳೆ ಕೈ ಎತ್ತಿದಳು.

"ನಾ ಹೇಳ್ತೀನಿ, ಅತ್ತಿ. ಫ್ರಿಂಬಲ್ ಅಂದ್ರ ಸಮುದ್ರದ ಹಕ್ಕಿ. ಜೋಡಿ ಇಲ್ದ, ದೋಣಿಯಾಗ ಒಂದೇ ತೂಕಡಸಾಕತ್ತದ. ಪ್ರಭಾಕರ ಟ್ವಿಂಡಿ ಕೋಟ್ ಅಂದ್ರ, ಹೆಂಡತಿ ನೆನಪು ಹೊದ್ಕೊಂಡು ಕುಂತಾನ ಅಂತ."

ಮನೆಯೆಲ್ಲ ನಗು. ಸೋದರತ್ತೆ ತಟ್ಟೆ ನನ್ನ ಕೈಗಿಟ್ಟು "ಪಾಪ, ಅಲ್ಲಿ ಅವನೂ ಒಬ್ಬನ ಅದಾನ" ಎಂದರು. ನಾನು ಅತ್ತೇಬಿಟ್ಟೆ. ಫೇಲಾದ ಹುಡುಗಿ ನಾನು ಯಾರಿಗೂ ಹೇಳದಿದ್ದುದನ್ನು ಓದಿ ಹೇಳಿದ್ದಳು.

ಮರುದಿನ ಶರಣಮ್ಮ ಬಿಸಿ ರೊಟ್ಟಿ ತಂದರು. "ಮನಿಗಿನಿ ಬಿಡೂದು ಬ್ಯಾಡ ಯವ್ವಾ. ನಿನ್ನ ಗಂಡಗ ಒಮ್ಮಿ ಬಂದು ಹೋಗು ಅನ್ನು. ಕೋಟ್ ಮಾತ್ರ ಬ್ಯಾಡ, ಇಲ್ಲಿ ಸೆಕಿ ಭಾಳ." 'ನೀವು' ಹೋಗಿ 'ನೀನು' ಬಂದಿತ್ತು. ಸಂಬಳ ಹೆಚ್ಚಾಗಿದ್ದರೂ ಅಷ್ಟು ಖುಷಿಯಾಗುತ್ತಿರಲಿಲ್ಲ.

ಬೇಸಿಗೆ ರಜೆಗೆ ಊರಿಗೆ ಹೋದಾಗ ತಂಗಿಯ ಸೀಮಂತ. ಹೊಟ್ಟೆ ತುಂಬ ಮೀನು ಸಾರು ಉಂಡಿದ್ದು ಹಿಂದಿನ ದಿನವೇ. ಅಮ್ಮ ಏನೂ ಕೇಳದೆ ಆರತಿ ತಟ್ಟೆಯನ್ನು ಕೈಗಿತ್ತಳು. ನಾನು ಹಾಗೇ ನಿಂತೆ.

"ಎಂತಕ್ಕೆ ನಿಂತ್ಕಂಡೆ ಮಾರಾಯ್ತಿ? ಆರತಿ ಎತ್ತ್" ಎಂದಳು ಅಮ್ಮ.

ಪ್ರಭಾಕರ ಎದುರಿಗೇ ನಗುತ್ತಾ ನಿಂತಿದ್ದ. ಅವನ ಹೆಸರು ಕೇಳುವವರೆಲ್ಲ ಸುರಪುರದಲ್ಲಿದ್ದರು.