ಕಾಲು ಮುಂದಾಗಿ ಹುಟ್ಟಿದವಳು

ನಾನು ಹುಟ್ಟುವಾಗ ತಲೆ ಮೊದಲು ಬರಲಿಲ್ಲ, ಕಾಲು ಬಂತು. ನಮ್ಮ ಕಡೆ ಅಂಥವರಿಗೆ ಒಂದು ಕೆಲಸ ಕಾಯಂ. ಯಾರಿಗಾದರೂ ಸೊಂಟ ಹಿಡಿದರೆ, ಬೆನ್ನು ಉಳುಕಿದರೆ, ಅವರನ್ನು ಬೋರಲು ಮಲಗಿಸಿ ನಮ್ಮನ್ನು ಕರೆಯುತ್ತಾರೆ. ಬಲಗಾಲಿಂದ ಮೂರು ಸಲ ತುಳಿಯಬೇಕು. ಆಮೇಲೆ ಬಗ್ಗಿ ಆ ಬೆನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು, ದೊಡ್ಡವರಿಗೆ ಕಾಲು ತಾಗಿಸಿದ ಪಾಪ ಅಂಟದಿರಲಿ ಅಂತ. ತೆರಕಣಾಂಬಿ ಹತ್ತಿರದ ನಮ್ಮೂರಲ್ಲಿ ನಾನು ನಡೆಯಲು ಕಲಿತಾಗಿನಿಂದ ತುಳಿದವಳೇ. ಬೆಲ್ಲವೋ ಬಾಳೆಹಣ್ಣೋ ಸಿಗುತ್ತಿತ್ತು. ಲೆಕ್ಕದ ಪರೀಕ್ಷೆಯಲ್ಲಿ ಯಾವಾಗಲೂ ಮಣ್ಣು ಮುಕ್ಕುತ್ತಿದ್ದ ನನಗೆ ಇದ್ದ ಗತ್ತೆಲ್ಲ ಆ ಕಾಲಿನದೇ.

ಆ ಕಾಲಿಗೆ ಮಸಿ ಬಳಿದವನು ನನ್ನ ದೊಡ್ಡಪ್ಪ. ಅಪ್ಪನ ಅಣ್ಣ. ದೊಡ್ಡವರನ್ನು ಏಕವಚನದಲ್ಲಿ ಬರೆಯಬಾರದಂತೆ. ನಾನು ಬರೆಯುತ್ತೇನೆ.

ಆಗ ನನಗೆ ಹದಿಮೂರು. ಅಪ್ಪ ಮದ್ದೂರು ರೇಂಜಿನಲ್ಲಿ ಕಾಡು ಕಾಯುವ ಕೆಲಸದಲ್ಲಿದ್ದ, ಮನೆಗೆ ಬರುತ್ತಿದ್ದುದು ವಾರಕ್ಕೊಂದು ಸಲ. ಬೆಳಿಗ್ಗೆ ಚೆಂಡುಹೂ ಕೊಯ್ದು ಬಂದ ಅವ್ವ ಜಗುಲಿಯ ಮೇಲೆ ಕೂತವಳು ಏಳಲಿಲ್ಲ. ಎಡಭುಜದ ಹಿಂದೆ ಯಾರೋ ಹಾರೆಯಿಂದ ಮೀಟಿದ ಹಾಗೆ ನೋವು ಅಂದಳು. ದವಡೆಯೂ ನೋಯುತ್ತದೆ ಅಂದಳು. ಎರಡು ಸಲ ತೇಗಿದಳು, ಒಂದು ಸಲ ವಾಂತಿ ಮಾಡಿದಳು. ಬಿಸಿಲೇ ಇಲ್ಲದ ಆ ಹೊತ್ತಿನಲ್ಲಿ ಅವಳ ರವಿಕೆ ಬೆವರಿಗೆ ತೊಯ್ದುಹೋಗಿತ್ತು.

ಮನೆಮುಂದೆ ದೊಡ್ಡಪ್ಪನ ಗೂಡ್ಸ್ ಗಾಡಿ ಹೂವಿನ ಚೀಲ ತುಂಬಿಕೊಂಡು ನಿಂತಿತ್ತು. "ದೊಡ್ಡಪ್ಪ, ಅವ್ವನ್ನ ಗುಂಡ್ಲುಪೇಟೆ ಆಸ್ಪತ್ರೆಗೆ ಕರ್ಕೊಂಡೋಗನ" ಅಂದೆ. ಅವನು ಅವ್ವನ ಕಡೆ ತಿರುಗಿಯೂ ನೋಡದೆ ಹಗ್ಗ ಬಿಗಿಯುತ್ತಿದ್ದ.

"ಚೀಲ ಎತ್ತುವಾಗ ಉಳುಕಿರದು ಅಷ್ಟೇಯ. ನೀನಿದ್ದೀಯಲ್ಲ, ತುಳಿ. ಚೀಲ ಇಳ್ಸಿ ತಿರ್ಗ ಏರೋ ಒತ್ಗೆ ಊವ ಬಾಡೋಯ್ತದ ಕಣಮ್ಮಿ."

ಬಾಡಿದರೆ ತೂಕ ಇಳಿಯುತ್ತದೆ ಅಂತ ನನಗೂ ಗೊತ್ತಿತ್ತು. ಗಾಡಿ ಹೋಯಿತು. ನಾನು ಅವ್ವನನ್ನು ಚಾಪೆಯ ಮೇಲೆ ಬೋರಲು ಮಲಗಿಸಿ ಮೂರು ಸಲ ತುಳಿದೆ. ಅಂಗಾಲಿಗೆ ತಣ್ಣನೆಯ ಬೆವರು ಹತ್ತಿತು. ಬಗ್ಗಿ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಾಗ ಆ ಬೆವರಿನ ಉಪ್ಪು ಕಣ್ಣಿಗಿಳಿದು ಉರಿಯಿತು. ಕಣ್ಣುಜ್ಜಿಕೊಂಡು ನೋಡುವಷ್ಟರಲ್ಲಿ ಅವ್ವ ಉಸಿರಾಡುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ತಿಳಿಯದೆ ಮಾಡಿದ ಅಂತ ಬಿಟ್ಟುಬಿಡುತ್ತಿದ್ದೆನೇನೋ. ಆದರೆ ಮಣ್ಣು ಮಾಡಿ ಬಂದ ಮೇಲೆ ಅವನು ಅಪ್ಪನ ಮುಂದೆ, ನೆಂಟರಿಷ್ಟರ ಮುಂದೆ ಬಾಯಿಬಿಟ್ಟು ಹೇಳಿದ: "ಕೂಸು ಜೋರಾಗಿ ತುಳುದ್ಬುಟ್ಲು. ಯಾನ ಮಾಡದು, ಏಳ್ದಂಗೆ ತುಳೀನಿಲ್ಲ." ಗಾಡಿಯ ಮಾತೇ ಇಲ್ಲ. ಅವತ್ತಿನಿಂದ ಊರಲ್ಲಿ ಯಾರೂ ನನ್ನನ್ನು ತುಳಿಯಲು ಕರೆಯಲಿಲ್ಲ. ಅಪ್ಪ ಬಯ್ಯಲಿಲ್ಲ, ಆದರೆ ಎಷ್ಟೋ ತಿಂಗಳು ನನ್ನ ಕಾಲಿನ ಕಡೆ ನೋಡಿ ಮುಖ ತಿರುಗಿಸುತ್ತಿದ್ದ. ನಾನು ಅವ್ವನನ್ನು ಕೊಂದವಳು ಅಂತ ನಾನೇ ನಂಬಿದ್ದೆ.

ಚಾಮರಾಜನಗರದಲ್ಲಿ ನರ್ಸಿಂಗ್ ಓದುವಾಗ ಒಂದು ಮಧ್ಯಾಹ್ನ ಮೇಡಂ ಹೃದಯಾಘಾತದ ಪಾಠ ಮಾಡಿದರು. ಎಲ್ಲರಿಗೂ ಎದೆಯೇ ನೋಯಬೇಕೆಂದಿಲ್ಲ, ಹೆಂಗಸರಿಗೆ ಬೆನ್ನು, ದವಡೆ, ಭುಜ ನೋಯಬಹುದು, ತೇಗು, ವಾಂತಿ, ತಣ್ಣನೆಯ ಬೆವರು ಇರಬಹುದು ಅಂದರು. ಅವ್ವನ ಆ ಬೆಳಿಗ್ಗೆಯನ್ನು ಮೇಡಂ ಸಾಲುಸಾಲಾಗಿ ಬೋರ್ಡಿನ ಮೇಲೆ ಬರೆದಿದ್ದರು. ನನ್ನ ಕಾಲಲ್ಲ! ಅವತ್ತು ನಾನು ಅಳಲಿಲ್ಲ. ಹಲ್ಲು ಕಚ್ಚಿಕೊಂಡು, ಇರು ದೊಡ್ಡಪ್ಪ, ನಿನಗೂ ಒಂದು ದಿನ ಬರುತ್ತದೆ ಅಂದುಕೊಂಡೆ.

ಬಂತು. ಅವ್ವ ಹೋಗಿ ಹದಿನೇಳು ವರ್ಷವಾದ ಮೇಲೆ, ನಾನು ಕೆಲಸ ಮಾಡುವ ಗುಂಡ್ಲುಪೇಟೆಯ ಆಸ್ಪತ್ರೆಗೇ ಬಂತು.

ಬೆಳಿಗ್ಗೆ ಹತ್ತೂವರೆ. ಡಾಕ್ಟರು ಪಕ್ಕದ ವಾರ್ಡಿನಲ್ಲಿದ್ದರು. ಹೂವಿನ ಲೋಡ್ ಇಳಿಸಿ ಬಂದಿದ್ದ ದೊಡ್ಡಪ್ಪ ಎಡಭುಜ ಅಮುಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಮುಖ ಬೂದಿ ಬಣ್ಣ. ಒಬ್ಬನೇ ಬಂದಿದ್ದ.

"ಚೀಟಿ ಗೀಟಿ ಬ್ಯಾಡ ಕೂಸೇ. ಬೆನ್ನು ಇಡ್ಕಂಡದ. ಆ ಕ್ವಾಣೇಲಿ ಒಂದ್ಸಲ ತುಳ್ದ್ಬುಡು, ಓಯ್ತೀನಿ."

ಎಂಥಾ ಮನುಷ್ಯ ನೋಡಿ! ಊರೆಲ್ಲ ದೂರ ಇಟ್ಟ ಕಾಲು ತನಗೆ ನೋವು ಬಂದಾಗ ನೆನಪಾಯಿತು. ಅವನು ಹೇಳಿದ ಸುಳ್ಳು ಅವನಿಗೇ ನೆನಪಿರಲಿಲ್ಲ. ಡ್ರೆಸ್ಸಿಂಗ್ ರೂಮಿನ ಮಂಚದ ಮೇಲೆ ತಾನಾಗಿಯೇ ಬೋರಲು ಬಿದ್ದುಕೊಂಡ. ಒಂದು ತೇಗು ಬಂತು.

ಇದು ಉಳುಕಲ್ಲ ಅಂತ ನನಗೆ ಬಾಗಿಲಲ್ಲೇ ಗೊತ್ತಾಗಿತ್ತು. ಆದರೂ ನಾನು ಚಪ್ಪಲಿ ಬಿಟ್ಟೆ. ಸುಳ್ಳು ಬರೆಯುವುದಿಲ್ಲ. ಮೂರು ಸಲ ತುಳಿದು ಕಳಿಸಿದರೆ ಸಾಕು, ಊರು ಮುಟ್ಟುವುದಿಲ್ಲ. ಕೇಳುವವರಿಲ್ಲ, ನೋಡಿದವರಿಲ್ಲ, ತುಳಿ ಅಂದವನು ಅವನೇ. ಸ್ಟೂಲಿನ ಮೇಲೆ ನಿಂತು ಬಲಗಾಲನ್ನು ಅವನ ಬೆನ್ನಿನ ಮೇಲಿಟ್ಟೆ. ಅಂಗಾಲಿಗೆ ತಣ್ಣನೆಯ ಬೆವರು ಹತ್ತಿತು.

ಕಾಲು ತೆಗೆದೆ. ಕರುಣೆ ಗಿರುಣೆ ಏನಲ್ಲ. ಇವನು ನನ್ನ ಕಾಲ ಕೆಳಗೆ ಸತ್ತರೆ ಇವನು ಹೇಳಿದ್ದೇ ನಿಜವಾಗುತ್ತದೆ ಅನ್ನುವುದು ಹೊಳೆದು ಮೈಯೆಲ್ಲ ಉರಿಯಿತು. ಎರಡು ಹೆಣ ಬಿದ್ದ ಕಾಲು ಅನ್ನುತ್ತಾರೆ. ಅಷ್ಟು ಸುಲಭವಾಗಿ ಸಾಯಲು ಬಿಡುತ್ತೇನಾ ನಿನ್ನ?

"ಅಂಗಾತ ತಿರುಗು ದೊಡ್ಡಪ್ಪ. ಅಂಗಿ ಬಿಚ್ಚು," ಅಂದೆ.

"ಮೊದ್ಲು ತುಳಿ ಕಣಮ್ಮಿ..."

"ಬಾಯ್ ಮುಚ್ಕೊಂಡ್ ಮನಿಕೊ!"

ಡಾಕ್ಟರನ್ನು ಕೂಗಿ ಕರೆದೆ. ಎದೆಗೆ ಆರು, ಕೈಕಾಲಿಗೆ ನಾಲ್ಕು ವೈರು ಹಚ್ಚಿ ಇಸಿಜಿ ತೆಗೆದೆ. ಬಡಿತದ ಮೊನೆ ಇಳಿದ ಮೇಲೆ ನೆಲಕ್ಕಂಟಿ ಸಾಗಬೇಕಾದ ಗೆರೆ ಹೆಡೆಯೆತ್ತಿ ನಿಂತಿತ್ತು, ಹೃದಯಾಘಾತವೇ. ಡಾಕ್ಟರು ಪಟ್ಟಿ ನೋಡಿದವರೇ ಆಸ್ಪಿರಿನ್ ಜಗಿಸಲು ಹೇಳಿ ಮೈಸೂರಿಗೆ ಫೋನು ಹಚ್ಚಿದರು. ನಾನು ಮಾತ್ರೆಯನ್ನು ಅವನ ಬಾಯಿಗೆ ತುರುಕಿ, ಸೂಜಿ ಹಾಕಿ, ಮಾನಿಟರು ಸಿಕ್ಕಿಸಿದೆ. ಅಷ್ಟರಲ್ಲಿ ಮಾನಿಟರಿನ ಮೇಲೆ ಹೃದಯದ ಬಡಿತ ಕಾಣದಾಯಿತು, ಎಳೆಮಗು ಸ್ಲೇಟಿನ ಮೇಲೆ ಗೀಚಿದ ಹಾಗೆ ಬರೀ ನಡುಕ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಕತ್ತಿನ ನಾಡಿ ಇಲ್ಲ.

ಎದೆ ಒತ್ತಲು ಶುರುಮಾಡಿದೆ. ಹೀಗೆ ಬಡಿತ ಕೆಟ್ಟು ಹೃದಯ ಬರೀ ನಡುಗುವಾಗ ರಕ್ತ ಮಿದುಳಿಗೆ ಹೋಗುವುದು ಒತ್ತುವ ಕೈಯಿಂದ ಮಾತ್ರ, ಶಾಕ್ ಕೊಡುವ ಮೆಷಿನ್ ಸಜ್ಜಾಗುವವರೆಗೂ ಬಿಡುವ ಹಾಗಿಲ್ಲ. ಒಂದೊಂದು ಒತ್ತಿಗೂ ಒಳಗೇ ಬಯ್ದೆ. ಇದು ಅವ್ವನಿಗೆ, ಇದು ಗಾಡಿಗೆ, ಇದು ನೀನಾಡಿದ ಮಾತಿಗೆ. ಪಕ್ಕೆಲುಬು ಲಟಕ್ಕೆಂದಿತು. ಸರಿಯಾಗಿ ಒತ್ತಿದರೆ ಹಾಗೆ ಆಗುವುದುಂಟು, ಯಾರ ಕೈಯಲ್ಲಾದರೂ. ಆದರೆ ನನಗೆ ಖುಷಿಯಾಯಿತು, ಅದನ್ನು ಯಾಕೆ ಮುಚ್ಚಿಡಲಿ. "ಎಲ್ಲ ದೂರ ಸರೀರಿ" ಅಂತ ಡಾಕ್ಟರು ಶಾಕ್ ಕೊಟ್ಟರು. ಗೀಚು ನಿಲ್ಲಲಿಲ್ಲ. ಮತ್ತೆ ಒತ್ತಿದೆ. ಎರಡನೆಯ ಶಾಕಿಗೆ ಗೆರೆ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಒಂದು ಬಡಿತ, ಇನ್ನೊಂದು ಬಡಿತ. ದೊಡ್ಡಪ್ಪ ನರಳಿದ. ನಾನು ಬಗ್ಗಿ ಕಣ್ಣಿಗೊತ್ತಿಕೊಳ್ಳಲಿಲ್ಲ.

ಮೈಸೂರಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಬಂದವನು ಜಗುಲಿಯ ಮೇಲೆ ಕೂತು ಹೇಳುತ್ತಿದ್ದುದೇನು ಗೊತ್ತೇ? "ನಮ್ ಕೂಸು ಒಂದ್ಸಲ ತುಳುದ್ಲು ನೋಡು, ಎದ್ದು ಕೂತ್ಕಂಡೆ." ಕಿವಿಗೆ ಬಿದ್ದ ದಿನವೇ ಬಸ್ಸು ಹತ್ತಿದೆ. ಜಗುಲಿ ತುಂಬ ಜನ ಇದ್ದರು, ಅಪ್ಪನೂ ಇದ್ದ. ಇಸಿಜಿ ಪಟ್ಟಿಯ ನಕಲನ್ನು ದೊಡ್ಡಪ್ಪನ ಮಡಿಲಿಗೆ ಎಸೆದೆ.

"ಅವ್ವಂಗೂ ಇದೇ ಆಗಿದ್ದು. ಅವತ್ತು ಗಾಡಿ ಕೇಳ್ದೆ. ನೀ ಯಾನ ಅಂದೆ? ಅದ್ನ ಈಗ ಎಲ್ರ ಮುಂದೆ ಬಾಯ್ಬುಟ್ಟು ಏಳು."

ಅವನು ಕೆಮ್ಮಿದ. ಕೆಮ್ಮಿದರೆ ಪಕ್ಕೆ ಇನ್ನೂ ನೋಯುತ್ತಿತ್ತು, ಕೈಯಿಂದ ಹಿಡಿದುಕೊಂಡ. ಜಗುಲಿಯೆಲ್ಲ ಅವನ ಬಾಯಿಯನ್ನೇ ನೋಡುತ್ತಿತ್ತು.

"ಗಾಡಿ ಕೊಡ್ನಿಲ್ಲ," ಅಂದ ಕೊನೆಗೆ. "ಊವ ಇತ್ತು. ತುಳಿ ಅಂದವ್ನು ನಾನೇಯ. ಕೂಸಿಂದು ತಪ್ಪಿಲ್ಲ."

ಅಪ್ಪ ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಹೊರಬಂದು ನನ್ನ ಪಕ್ಕದಲ್ಲಿ ಕೂತ.

ನನಗೆ ಅಷ್ಟಕ್ಕೇ ಸಾಕಾಗಲಿಲ್ಲ. ಒಂದು ಷರತ್ತು ಹಾಕಿದೆ. ಊರಲ್ಲಿ ಯಾರಿಗೇ ಎದೆಯೋ ಬೆನ್ನೋ ದವಡೆಯೋ ನೋಯಲಿ, ಆಂಬುಲೆನ್ಸ್ ತಡವಾದರೆ ಅವನ ಗಾಡಿ ಹೊರಡಬೇಕು. ಹೂವಿರಲಿ, ಅರಿಶಿನವಿರಲಿ. ಪಕ್ಕದಲ್ಲಿ ಅವನೇ ಕೂತು ಬರಬೇಕು. ತಪ್ಪಿದರೆ ಈ ಜಗುಲಿಯ ಮಾತು ಕುದೇರಿನ ಬೀಗರ ಮನೆಯವರೆಗೂ ಹೋಗುತ್ತದೆ ಅಂದೆ. ಬೀಗರ ಮುಂದೆ ಮಾನವೆಂದರೆ ಅವನಿಗೆ ಪ್ರಾಣ.

ಹೋದ ವಾರ ಗಾಡಿ ಆಸ್ಪತ್ರೆಯ ಮುಂದೆ ನಿಂತಿತು. ಡ್ರೈವರ್ ಪಕ್ಕದಿಂದ ದೊಡ್ಡಪ್ಪ ಇಳಿದ, ಜೊತೆಗೆ ನಮ್ಮ ಬೀದಿಯ ಅಜ್ಜಿ, ಬೆನ್ನು ಹಿಡಿದುಕೊಂಡು. ಹಿಂದೆ ಬಿಸಿಲಿನಲ್ಲಿ ಚೆಂಡುಹೂವಿನ ಚೀಲಗಳು. ಅಜ್ಜಿಗೆ ಇಸಿಜಿ ಮಾಡಿದೆ, ರಕ್ತ ಪರೀಕ್ಷೆಗೆ ಕೊಟ್ಟೆ, ಕೂರಿಸಿಕೊಂಡು ಮತ್ತೆ ಇಸಿಜಿ ಮಾಡಿದೆ. ಮೂರು ಗಂಟೆ ಹಿಡಿಯಿತು. ದೊಡ್ಡಪ್ಪ ಬಾಗಿಲಿಗೂ ಗಾಡಿಗೂ ಓಡಾಡುತ್ತಲೇ ಇದ್ದ. ಕೊನೆಗೆ ಡಾಕ್ಟರು ಎಲ್ಲ ಸರಿಯಿದೆ, ಬರೀ ಉಳುಕು ಅಂದರು.

"ಅಂಗಾರೆ ತುಳಿ ಕೂಸೇ," ಅಂದಳು ಅಜ್ಜಿ.

ಚಪ್ಪಲಿ ಬಿಟ್ಟೆ. ಅಜ್ಜಿಯ ಬೆನ್ನು ಒಣಗಿತ್ತು, ಬೆಚ್ಚಗಿತ್ತು. ಮೆತ್ತಗೆ ಒಂದು ಸಲ ತುಳಿದೆ, ಎರಡು ಸಲ ತುಳಿದೆ. ಬಾಗಿಲಿಂದ ದೊಡ್ಡಪ್ಪ ಇಣುಕಿದ.

"ಬಿರ್ನೆ ಮಾಡು. ಊವ ಬಾಡೋಯ್ತದ ಕಣಮ್ಮಿ."

"ಬಾಡ್ಲಿ," ಅಂದು ಮೂರನೆಯ ಸಲ ತುಳಿದೆ.