ದೊಡ್ಡಮ್ಮ ಕೆಂಗೇರಿಗೆ ಹೊರಟಿದ್ದು

ಹಿಂಗು ಬೆರೆಸಿದ ಉದ್ದಿನ ಹಿಟ್ಟು ಬಿಸಿಲಿಗೆ ಬಿದ್ದಾಗ ಒಂದು ವಾಸನೆ ಏಳುತ್ತದೆ. ಪೂರ್ತಿ ಘಾಟೂ ಅಲ್ಲ, ಪರಿಮಳವೂ ಅಲ್ಲ. ಮೂಗಿಗೆ ಬಡಿದ ಮೇಲೆ ಗಂಟಲಿಗಿಳಿದು ಅಲ್ಲೇ ಕೂತುಬಿಡುತ್ತದೆ. ಮೊನ್ನೆ ಬಸವೇಶ್ವರನಗರದ ನಮ್ಮ ಮನೆಯ ತಾರಸಿಗೆ ಬಟ್ಟೆ ಒಣಹಾಕಲು ಹೋದಾಗ, ಮೇಲಿನ ಮನೆಗೆ ಹೊಸದಾಗಿ ಬಂದಿರುವ ಹುಬ್ಬಳ್ಳಿ ಕಡೆಯ ಹೆಂಗಸು ಹಳೇ ಸೀರೆ ಹಾಸಿ ಹಪ್ಪಳ ಹರಡುತ್ತಿದ್ದರು. ನಾನು ಬಕೆಟ್ಟು ಹಿಡಿದುಕೊಂಡು ಹಾಗೇ ನಿಂತೆ. "ಯಾಕ್ರೀ ಅಕ್ಕಾರ, ತಲಿ ತಿರಗಾಕ ಹತ್ತೇತೇನ್ರಿ?" ಎಂದು ಅವರು ಕೇಳಿದರು. ಇಲ್ಲಮ್ಮ ಎಂದೆ. ರಾಜಾಜಿನಗರದ ನನ್ನ ತವರುಮನೆ ಹೋಗಿ ಎಷ್ಟೋ ವರ್ಷವಾಯಿತು, ಆ ಜಾಗದಲ್ಲಿ ನಾಲ್ಕು ಅಂತಸ್ತು ಎದ್ದು ಕೆಳಗೊಂದು ಜಿಮ್ಮು ಬಂದಿದೆ ಎಂದು ಅವರಿಗೆ ಹೇಗೆ ಹೇಳಲಿ? ನಿಮಗೂ ಹೀಗೆ ಎಲ್ಲೋ ಒಂದು ವಾಸನೆ ಕಾದು ಕೂತಿರುತ್ತದೆ. ಅದು ಕರೆದ ಕಡೆ ಹೋಗದೆ ನಿಮಗೂ ವಿಧಿಯಿರುವುದಿಲ್ಲ.

ಆ ಮನೆಯ ಹಿಂಭಾಗದಲ್ಲಿ ಒಂದು ಶೀಟಿನ ಶೆಡ್ಡು. ಅಪ್ಪ, ದೊಡ್ಡಪ್ಪ ಇಬ್ಬರೂ ಶಿಫ್ಟಿಗೆ ಹೋದ ಮೇಲೆ ಅಲ್ಲಿ ಹಪ್ಪಳದ ಕೆಲಸ ಶುರುವಾಗುತ್ತಿತ್ತು. ದೊಡ್ಡಮ್ಮ ಹಿಟ್ಟು ಕುಟ್ಟಿ ನಾದುವವರು, ಅಮ್ಮ ಲಟ್ಟಿಸುವವಳು, ಪಕ್ಕದ ಬೀದಿಯ ಜಯಮ್ಮ ಕೂಲಿಗೆ ಬಂದು ಜೊತೆಗೆ ಲಟ್ಟಿಸುವವಳು. ದೊಡ್ಡಮ್ಮನದು ಎಣ್ಣೆ ಹಚ್ಚಿ ಹಚ್ಚಿ ಮಿರಮಿರನೆ ಮಿಂಚುವ ಕೈ. ರಾತ್ರಿ ನಾನು ಮಲಗುತ್ತಿದ್ದುದು ಆ ಕೈಯ ಮೇಲೆ ತಲೆಯಿಟ್ಟು. ಅವರಿಗೆ ಮಕ್ಕಳಿರಲಿಲ್ಲ. ಅದನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿ ಆಡುತ್ತಿರಲಿಲ್ಲ. ಎತ್ತಿ ಆಡುವ ಸಂದರ್ಭ ಬಂದದ್ದು ನನ್ನಿಂದಲೇ.

ಆಗ ನಾನು ಏಳನೇ ಕ್ಲಾಸು. ಒಂದು ಮಧ್ಯಾಹ್ನ ಸ್ಕೂಲಿನಿಂದ ಹೆದರಿಕೊಂಡು ಬಂದೆ. ಶೆಡ್ಡಿನಲ್ಲಿ ಜಯಮ್ಮ ಇದ್ದಳು, ಅವಳೆದುರು ಹೇಳಲು ನಾಚಿಕೆ. ಸೀದಾ ತಾರಸಿಗೆ ಓಡಿ, ಹಪ್ಪಳ ಮಗುಚುತ್ತಿದ್ದ ದೊಡ್ಡಮ್ಮನ ಕಿವಿಯಲ್ಲಿ ಹೇಳಿದೆ. ಅವರು ನನ್ನ ಕೆನ್ನೆ ಹಿಂಡಿ ಮುತ್ತು ಕೊಟ್ಟು, ಮೆಟ್ಟಿಲಿನಿಂದಲೇ ಕೂಗಿದರು: "ಶಾರದಾ, ನಮ್ಮ ಪುಟ್ಟಿ ದೊಡ್ಡೋಳಾದ್ಲು ಕಣೇ!" ನಾನು ನಾಚಿ ಭೂಮಿಗಿಳಿದು ಹೋದೆ. "ಊಟ ಯಾವಾಗ ಹಾಕಿಸ್ತೀರಾ ಶಾರದಮ್ಮೋರೆ?" ಎಂದು ಜಯಮ್ಮ ನಕ್ಕಳು. ಅಮ್ಮ ಲಟ್ಟಣಿಗೆಯಿಂದ ತಲೆ ಎತ್ತಲಿಲ್ಲ. ಆಮೇಲೆ ನಿಧಾನಕ್ಕೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಹೆರದೇ ಇರೋರಿಗೆ ಇಷ್ಟೊಂದು ಸಡಗರ ಯಾಕೆ? ಶುಕ್ರವಾರ ಆರತಿಗೆ ಮಕ್ಕಳೊಂದಿಗರು ಬರ್ತಾರೆ. ಅವರು ನೋಡ್ಕೋತಾರೆ."

ದೊಡ್ಡಮ್ಮ ಅರ್ಧ ಮೆಟ್ಟಿಲಲ್ಲೇ ನಿಂತಿದ್ದರು. ಅಮ್ಮನ ಮಾತಿಗೆ ನನಗೆ ನಾಚಿಕೆಯಾಯಿತು, ನನ್ನ ಮೈಗೆ ನಾಚಿಕೆಯಾಯಿತು. ಯಾವುದು ಎಷ್ಟು ಎಂದು ಬೇರೆ ಮಾಡಲು ಬರಲಿಲ್ಲ, ಇವತ್ತಿಗೂ ಬರುವುದಿಲ್ಲ.

ನನ್ನನ್ನು ಹಜಾರದ ಮೂಲೆಯಲ್ಲಿ ಚಾಪೆ ಹಾಕಿ ಕೂರಿಸಿದರು. ಅಲ್ಲಿಂದ ಶೆಡ್ಡಿನ ಬಾಗಿಲು ನೇರ. ಚಿಗಳಿ ಉಂಡೆ, ತುಪ್ಪ, ಕೊಬ್ಬರಿ ಎಲ್ಲ ಬರುತ್ತಿತ್ತು. ಆದರೆ ಮನೆಯಲ್ಲಿ ಮಾತು ನಿಂತುಹೋಗಿತ್ತು. ಕೈಯಳತೆಯಲ್ಲಿ ಕೂತ ಇಬ್ಬರು ಹೆಂಗಸರು ಮೂಲೆಯಲ್ಲಿದ್ದ ನನ್ನ ಮೂಲಕ ಮಾತಾಡತೊಡಗಿದರು. "ಪುಟ್ಟಿ, ಹಿಟ್ಟು ಗಟ್ಟಿಯಾಗಿದೆ ಅಂತ ಹೇಳು." "ಪುಟ್ಟಿ, ಗಟ್ಟಿಯಾಗಿದ್ರೆ ಎಣ್ಣೆ ಹಚ್ಕೊಂಡು ಲಟ್ಟಿಸೋಕೆ ಹೇಳು." ಜಯಮ್ಮನಿಗೆ ತಡೆಯಲಾಗದೆ, "ಪುಟ್ಟವ್ವ, ನಂಗೂ ಒಂದು ಲೋಟ ಕಾಫಿ ಬೇಕು ಅಂತ ಹೇಳವ್ವ" ಎಂದುಬಿಟ್ಟಳು. ಯಾರೂ ನಗಲಿಲ್ಲ. ಎಂದೂ ಒಡೆಯದ ಹಪ್ಪಳ ಆ ವಾರ ಒಡೆದವು, ನಮ್ಮಲ್ಲಿ ಹಪ್ಪಳ ಕೊಳ್ಳುತ್ತಿದ್ದ ಅಂಗಡಿಯವನು ವಾಪಸು ಕಳಿಸಿದ.

ಗುರುವಾರ ಊಟವಾದ ಮೇಲೆ ದೊಡ್ಡಮ್ಮ ನಾಲ್ಕು ಸೀರೆ ಮಡಚಿ ವೈರಿನ ಬುಟ್ಟಿಯಲ್ಲಿಟ್ಟರು. ಕೆಂಗೇರಿಯ ಅಣ್ಣನ ಮನೆಗೆ ಹೊರಟಿದ್ದರು. ಹೋದರೆ ಮತ್ತೆ ಬರುವುದಿಲ್ಲ ಎಂದು ಅವರು ಸೀರೆ ಮಡಚುವ ರೀತಿಯಲ್ಲೇ ಗೊತ್ತಾಯಿತು. ಆದರೆ ಅವರು ಬೀದಿ ಬಾಗಿಲಿಗೆ ಹೋಗದೆ, ಬುಟ್ಟಿ ಸಮೇತ ಶೆಡ್ಡಿಗೆ ಹೋಗಿ ಅಮ್ಮನ ಎದುರು ಕೂತರು. ಊಟಕ್ಕೆ ಹೋದ ಜಯಮ್ಮ ಇನ್ನೂ ಬಂದಿರಲಿಲ್ಲ.

"ಜಗಳಕ್ಕೆ ಬಂದಿಲ್ಲ ಕಣೇ. ಅವತ್ತು ನೀನು ಆ ಮಾತಂದಾಗ ನನ್ನ ಕೈಕಾಲು ತಣ್ಣಗಾಗೋಯ್ತು. ಇದನ್ನ ನಿಂಗೇ ಹೇಳ್ಬೇಕು, ನಮ್ಮಣ್ಣನ ಮನೇಲಿ ಕೂತು ಹೇಳಬಾರದು ಅಂತ ಬಂದೆ. ನಿಂಗೇನಾಗಿತ್ತು ಅವತ್ತು?"

"ಏನೂ ಆಗಿರ್ಲಿಲ್ಲ."

"ಏನೂ ಆಗ್ದೆ ನೀನು ಹಂಗೆ ಮಾತಾಡೋಳಲ್ಲ."

ಅಮ್ಮ ಲಟ್ಟಿಸುತ್ತಲೇ ಇದ್ದಳು. ದೊಡ್ಡಮ್ಮ ಕಾದರು. ಇನ್ನೊಂದು ಮಾತು ಸೇರಿಸಲಿಲ್ಲ, ನಿಟ್ಟುಸಿರೂ ಬಿಡಲಿಲ್ಲ. ಹಾಗೆ ಕಾಯುವುದು ಎಷ್ಟು ಕಷ್ಟವೆಂದು ಸಂಸಾರ ಮಾಡಿದ ಮೇಲೆ ನನಗೆ ತಿಳಿಯಿತು. ಕೊನೆಗೆ ಲಟ್ಟಣಿಗೆ ನಿಂತಿತು.

"ನನ್ನ ಮಗಳು ದೊಡ್ಡೋಳಾಗಿದ್ದು ಜಯಮ್ಮಂಗೂ ನಂಗೂ ಒಂದೇ ಸಲ ಗೊತ್ತಾಯ್ತಲ್ಲ ಅಕ್ಕ. ಅವಳಿಗೆ ಜ್ವರ ಬಂದ್ರೂ ನೀವೇ, ಭಯ ಆದ್ರೂ ನೀವೇ. ಇದೊಂದಾದ್ರೂ ನಂಗೆ ಬಂದು ಹೇಳ್ತಾಳೆ ಅಂತಿದ್ದೆ."

"ನಿಂಗೇ ಮೊದ್ಲು ಗೊತ್ತಾಗ್ಬೇಕಿತ್ತು ಅಂತ."

"ಹೂಂ."

"ಸಂತೋಷದಲ್ಲಿ ಕೂಗ್ಬಿಟ್ಟೆ ಶಾರದಾ. ಒಳಗೆ ಕರ್ದು ಹೇಳ್ಬೇಕಿತ್ತು."

ಅಮ್ಮ ಅಳುತ್ತಿದ್ದಳು. ಕ್ಷಮಿಸಿ ಎಂಬ ಮಾತು ಅವಳ ಬಾಯಿಗೆ ಬರಲಿಲ್ಲ, ಸೆರಗಲ್ಲಿ ಮೂಗು ಒರೆಸಿಕೊಂಡು, "ನೀವು ಕೆಂಗೇರಿಗೆ ಹೋದ್ರೆ ಹಿಟ್ಟು ಕುಟ್ಟೋರು ಯಾರು?" ಎಂದಳು. "ಓಹೋ, ಹಿಟ್ಟು ಕುಟ್ಟೋಕೆ ಬೇಕಾ ನಾನು!" ಎಂದು ದೊಡ್ಡಮ್ಮ ನಕ್ಕರು. ಆದರೆ ಬುಟ್ಟಿಯಿಂದ ಸೀರೆ ಹೊರತೆಗೆಯಲಿಲ್ಲ. "ನಾಳೆ ನಾನಿಲ್ಲಿದ್ರೆ ನಾಲ್ಕು ಜನ ನಾಲ್ಕು ಮಾತಾಡ್ತಾರೆ. ಮಗೂಗೆ ಒಳ್ಳೇ ದಿನ" ಎಂದರು. ಒಂದು ರಾತ್ರಿ ಇದ್ದು ಬೆಳಿಗ್ಗೆ ಹೋಗಿ ಎಂದು ಅಮ್ಮ ಬೇಡಿಕೊಂಡಳು. ಅಷ್ಟಕ್ಕೆ ಒಪ್ಪಿದ್ದೇ ದೇವರ ದಯೆ.

ಇದೆಲ್ಲ ಕಣ್ಣಾರೆ ಕಂಡವಳು ನಾನು. ಆದರೂ ಹೋದ ತಿಂಗಳು ನಮ್ಮೆಜಮಾನರು ಕೆಲಸದಲ್ಲಿ ಯಾರ ಹತ್ತಿರವೋ ಮಾತು ಕೇಳಿಸಿಕೊಂಡು ಬಂದು ಟಿಫನ್ ಬಾಕ್ಸು ಕುಕ್ಕಿದಾಗ, ಅತ್ತೆ ಮಾವನ ಎದುರಿಗೇ, "ಅಲ್ಲಿ ಬಾಯಿ ಬಿಡೋಕಾಗ್ದೆ ಇಲ್ಲಿ ಹಾರಾಡ್ತೀರಾ" ಎಂದುಬಿಟ್ಟೆ. ಅವರು ಊಟ ಮಾಡಲಿಲ್ಲ. ಏನಾಯಿತು ಎಂದು ಮಾರನೆಯ ದಿನ ದೀಪ ಹಚ್ಚುವ ಹೊತ್ತಿಗೆ ಕೇಳಿದೆ. ಅವರು ಹೇಳಿದರು. ಅದು ಭಗವಂತ ಕೊಟ್ಟ ಪುಣ್ಯ. ಆದರೆ ಒಂದು ದಿನ ತಡವಾಗಿ ಕೇಳಿದ ನಾಚಿಕೆ ದೇವರ ಮುಂದೆ ಕೂತರೂ ಹೋಗುವುದಿಲ್ಲ.

ಆ ಶುಕ್ರವಾರ ಬೆಳಿಗ್ಗೆ ನನಗೆ ಎಣ್ಣೆನೀರು ಹಾಕಿ, ಹೊಸ ಲಂಗ ಉಡಿಸಿ, ಮಣೆಯ ಮೇಲೆ ಕೂರಿಸಿದರು. ಅಪ್ಪನ ಅಕ್ಕನಾದ ಮಾಗಡಿಯ ಅತ್ತೆ ಶಾಸ್ತ್ರ ಮಾಡಿಸಲು ಬಂದಿದ್ದರು. ಆರತಿ ತಟ್ಟೆ ಎತ್ತುವ ಹೊತ್ತಿಗೆ ಅಮ್ಮ ಹಜಾರದ ಕೊನೆಗೆ ಹೋಗಿ, ಬುಟ್ಟಿ ಹಿಡಿದು ನಿಂತಿದ್ದ ದೊಡ್ಡಮ್ಮನನ್ನು ಕೈಹಿಡಿದು ಕರೆತಂದಳು.

"ಏನಮ್ಮಾ ಇದು ಶಾರದಾ? ಮಕ್ಕಳಿಲ್ಲದ ಕೈ ಮೊದ್ಲು ಎತ್ತಬಾರ್ದು ಕಣಮ್ಮ" ಎಂದರು ಅತ್ತೆ.

ಈಗ ಅಮ್ಮ ಸಿಡಿಯುತ್ತಾಳೆ ಎಂದುಕೊಂಡೆ. ಅಮ್ಮ ಮೆತ್ತಗೆ ಕೇಳಿದಳು: "ನಿಮಗೇನು ಭಯ ಅತ್ತಿಗೆ?"

ಅತ್ತೆ ತಬ್ಬಿಬ್ಬಾದರು. ಅವರನ್ನು ಹಾಗೆ ಕೇಳಿದವರೇ ಇರಲಿಲ್ಲ. "ಭಯ ಅಂದ್ರೆ... ಮುಂದೆ ಮಗೂ ಮಡಿಲು ತುಂಬ್ಲಿ ಅಂತ. ನಾನೇನು ಇವಳ ಮೇಲೆ ದ್ವೇಷಕ್ಕೆ ಹೇಳ್ತೀನಾ?"

"ನಿಮಗೂ ಪುಟ್ಟಿ ಚೆನ್ನಾಗಿರ್ಬೇಕು, ನಮಗೂ ಅಷ್ಟೇ. ಅಕ್ಕ ಇಲ್ದೆ ಇದು ಬೆಳೆದಿಲ್ಲ ಅತ್ತಿಗೆ. ನೀವೂ ಬನ್ನಿ, ಮೂರು ಜನಾನೂ ಹಿಡ್ಕೊಳ್ಳೋಣ."

ಬುಟ್ಟಿ ನೆಲಕ್ಕಿಟ್ಟ ಸದ್ದು ಕೇಳಿಸಿತು. ಆಮೇಲೆ ಬಳೆಗಳ ಸದ್ದು. ಅರಿಶಿನ ಸುಣ್ಣದ ಕೆಂಪು ನೀರಿನ ತಟ್ಟೆ ನನ್ನ ಮುಖದ ಮುಂದೆ ಸುತ್ತಿತು.

ನಾನು ತಲೆ ಎತ್ತಲಿಲ್ಲ. ಇಷ್ಟು ಜನರೆದುರು ನನ್ನ ಮೈಯ ವಿಷಯಕ್ಕೆ ಇಷ್ಟೆಲ್ಲ ನಡೆಯುತ್ತಿದೆ ಎಂದು ಹೊಸ ಲಂಗದ ಅಂಚನ್ನೇ ನೋಡುತ್ತಾ ಕೂತಿದ್ದೆ. ನನಗೆ ಕಂಡದ್ದು ಆರು ಪಾದಗಳು ಮಾತ್ರ. ಕಾದ ತಾರಸಿಯ ಮೇಲೆ ಓಡಾಡಿ ಹಿಮ್ಮಡಿ ಸೀಳಿದ್ದ ಎರಡು, ನಡುವೆ ಇದ್ದವು. ದೊಡ್ಡಮ್ಮ ಆಮೇಲೆ ಎಲ್ಲಿಗೂ ಹೋಗಲಿಲ್ಲ. ಆ ಮನೆಯಿಂದಲೇ ಅವರನ್ನು ಕೊನೆಯ ಸಲ ಕಳಿಸಿಕೊಟ್ಟೆವು, ಕೆಲವು ವರ್ಷಕ್ಕೆ ಅಮ್ಮನನ್ನೂ. ಆರತಿ ಎತ್ತಿದಾಗ ದೊಡ್ಡಮ್ಮನ ಮುಖ ಹೇಗಿತ್ತು ಎಂದು ಅಮ್ಮನನ್ನು ಒಮ್ಮೆಯಾದರೂ ಕೇಳಬಹುದಿತ್ತು. ನಾಚಿಕೆಯಿಂದ ಅದನ್ನೂ ಕೇಳಲಿಲ್ಲ.